ಹಾಲಿಗಿರುವ ಪರೀಕ್ಷೆ ಡೀಸೆಲ್ಲಿಗೇಕೆ ಬೇಡ?

ದಿನವೂ ಬೆಳಗ್ಗೆ ಡೈರಿಯಲ್ಲಿ ಏನು ನಡೆಯುತ್ತದೆಂಬುದು ನಿಮಗೆ ಹೊಸದಲ್ಲ. ಕ್ಯಾನು ತೊಳೆದಿರಬೇಕು, ಹಾಲು ಸೋಸಿರಬೇಕು, ಲ್ಯಾಕ್ಟೋಮೀಟರು ಇಳಿಬಿಟ್ಟು ನೋಡಬೇಕು, ಜಿಡ್ಡಿನ ಅಂಶ ಅಳೆಯಬೇಕು. ನೀರು ಬೆರೆತಿದ್ದರೆ ಹಾಲು ವಾಪಸು. ಈ ಶಿಸ್ತನ್ನು ನಾವು ಒಪ್ಪಿಕೊಂಡು ದಶಕಗಳೇ ಕಳೆದಿವೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ತರುವ ಡೀಸೆಲ್ಲನ್ನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ, ಮುಚ್ಚಳ ಕಳೆದುಹೋದ ಕ್ಯಾನಿನಿಂದ ಪಿಕಪ್ ಗಾಡಿಯ ಟ್ಯಾಂಕಿಗೆ ಸುರಿಯುತ್ತೇವೆ. ಈ ಪದ್ಧತಿ ನಿಲ್ಲಬೇಕು. ಡೀಸೆಲ್ಲಿನ ಕ್ಯಾನಿಗೂ ಹಾಲಿನ ಕ್ಯಾನಿನಷ್ಟೇ ಮರ್ಯಾದೆ ಸಲ್ಲಬೇಕು.

ಇದರಿಂದಾಗುವ ನಷ್ಟ ಸಣ್ಣದಲ್ಲ. ಟೊಮ್ಯಾಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ಗಾಡಿ ನಡುದಾರಿಯಲ್ಲಿ ಕೆಮ್ಮಿ ನಿಂತರೆ ಹರಾಜಿನ ಹೊತ್ತು ಯಾರಿಗೂ ಕಾಯುವುದಿಲ್ಲ. ಮಾಲು ಬಾಡಿ ಬೆಲೆ ಇಳಿಯುತ್ತದೆ. ಮೇಲೆ ಗ್ಯಾರೇಜಿನ ಖರ್ಚು. ಇಂಜೆಕ್ಟರುಗಳು ಕೆಟ್ಟಿದ್ದರೆ ಒಂದು ಬೆಳೆಯ ಲಾಭವೇ ಅದಕ್ಕೆ ಹೋದೀತು.

"ನಮ್ಮ ಹಳೆಯ ಟ್ರ್ಯಾಕ್ಟರು ಎಂಥ ಎಣ್ಣೆ ಹಾಕಿದರೂ ಓಡುತ್ತಿತ್ತು" ಎಂದು ಹಿರಿಯರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ಇಂಜಿನ್ನು ಬದಲಾಗಿದೆ. ಹಳೆಯ ಇಂಜಿನ್ನಿನ ನಾಜಲು ಸುಮಾರು 200 ಬಾರ್ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುತ್ತಿತ್ತು. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಆ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲೆ ಹೋಗುತ್ತದೆ. ಇದು ಲಾರಿ ಟೈರಿನ ಗಾಳಿಯ ಒತ್ತಡಕ್ಕಿಂತ ಸುಮಾರು 200 ಪಟ್ಟು ಹೆಚ್ಚು. ಇಂಜೆಕ್ಟರಿನ ಒಳಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ 70 ಮೈಕ್ರಾನ್ ಆಸುಪಾಸು. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಕೀಲೆಣ್ಣೆ. ನೀರಿಗೆ ಆ ಗುಣವಿಲ್ಲ. ಅದು ಉಕ್ಕನ್ನು ತುಕ್ಕು ಹಿಡಿಸಿ ಸವೆಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಒಂದು ಕಿಲೋಗೆ 200 ಮಿಲಿಗ್ರಾಮಿಗಿಂತ ಹೆಚ್ಚು ನೀರು ಇರಕೂಡದೆಂದು ನಿಯಮವಿದೆ. ನಮ್ಮ ಕ್ಯಾನಿನ ತಳದಲ್ಲಿ ಉಳಿಯುವ ಒಂದು ಲೋಟ ನೀರು ಇದಕ್ಕಿಂತ ಎಷ್ಟು ಪಾಲು ಹೆಚ್ಚೆಂಬುದನ್ನು ನೀವೇ ಯೋಚಿಸಿ.

ನೀರು ಬರುವುದೆಲ್ಲಿಂದ?

ಮೊದಲನೆಯದು ಗಾಳಿಯಿಂದ. ಅರ್ಧ ಖಾಲಿಯಾದ ಟ್ಯಾಂಕಿನ ಉಳಿದರ್ಧ ತೇವದ ಗಾಳಿ. ರಾತ್ರಿಯ ತಂಪಿಗೆ ಆ ತೇವ ಹನಿಗಟ್ಟಿ ತಳ ಸೇರುತ್ತದೆ. ಆದಕಾರಣ ಬೆಳಗ್ಗೆ ಹೊರಡುವಾಗ ಡೀಸೆಲ್ ಹಾಕಿಸುವುದಕ್ಕಿಂತ ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿಡುವುದು ಲೇಸು.

ಎರಡನೆಯದು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಡ್ರಮ್ಮು. ಅದರ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಹಿಗ್ಗಿದ ಒಳಗಿನ ಗಾಳಿ ರಾತ್ರಿ ಕುಗ್ಗಿದಾಗ ಬಿರಡೆಯ ಸಂದಿನಿಂದ ಆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರಮ್ಮು ಸೂರಿನಡಿ ಇರಬೇಕು. ಅನುಕೂಲವಿಲ್ಲದಿದ್ದರೆ ಬಿರಡೆಗಳ ಮೇಲೆ ನೀರು ನಿಲ್ಲದಂತೆ ಅಡ್ಡ ಮಲಗಿಸಿಡಿ.

ಮೂರನೆಯದು ಕೀಟನಾಶಕ ಅಥವಾ ಬೇರೆ ಎಣ್ಣೆಯ ಹಳೆಯ ಕ್ಯಾನು. ಎಷ್ಟು ತೊಳೆದರೂ ಇದನ್ನು ಡೀಸೆಲ್ಲಿಗೆ ಬಳಸಕೂಡದು. ಸತುವಿನ ಲೇಪದ ತಗಡಿನ ಪಾತ್ರೆಯೂ ಬೇಡ. ಆ ಸತು ಡೀಸೆಲ್ಲಿನಲ್ಲಿ ಕರಗಿ ನಾಜಲಿಗೆ ತೊಂದರೆ ಕೊಡುತ್ತದೆ. ಹಳೆಯ ಪಂಚೆಯಲ್ಲಿ ಸೋಸಿದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಬಟ್ಟೆ ಕಣ್ಣಿಗೆ ಕಾಣುವ ಕಸವನ್ನು ಹಿಡಿದೀತು. ಇಂಜೆಕ್ಟರು ಕೆಡಿಸುವ ಧೂಳು ಕಣ್ಣಿಗೆ ಕಾಣುವುದೇ ಇಲ್ಲ. ಬಟ್ಟೆಯ ಎಳೆಗಳೂ ಜೊತೆಗೆ ಸೇರುತ್ತವೆ.

ನೀರು ನಿಂತಲ್ಲಿ ಜೀವಿಗಳೂ ಬೆಳೆಯುತ್ತವೆ. ಡೀಸೆಲ್ಲು ಮತ್ತು ನೀರು ಕೂಡುವ ಅಂಚಿನಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆದು ಕಪ್ಪು ಲೋಳೆಯಾಗುತ್ತದೆ. ಹೊಸ ಫಿಲ್ಟರು ಕೆಲವೇ ದಿನಗಳಲ್ಲಿ ಕಟ್ಟಿಕೊಂಡರೆ ಈ ಲೋಳೆಯ ಬಗ್ಗೆ ಸಂಶಯಪಡಿ. ಆಗ ಫಿಲ್ಟರನ್ನಷ್ಟೇ ಬದಲಿಸಿದರೆ ಸಾಲದು, ಟ್ಯಾಂಕನ್ನೂ ಬಿಚ್ಚಿ ಶುಚಿ ಮಾಡಿಸಬೇಕು.

ಗುರುತಿಸುವುದು ಹೇಗೆ?

ಬೆಳಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗದಿರುವುದು, ಬಿಳಿ ಹೊಗೆ, ಏರಿನಲ್ಲಿ ಎಳೆತ ಕಡಿಮೆಯಾಗುವುದು, ನಡುನಡುವೆ ಮಿಸ್ಸಿಂಗ್, ನಿಂತು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊರಡುವುದು ಇವು ಲಕ್ಷಣಗಳು. ಹಲವು ಗಾಡಿಗಳಲ್ಲಿ ಫಿಲ್ಟರಿನಲ್ಲಿ ನೀರು ಸೇರಿದರೆ ಎಚ್ಚರಿಕೆಯ ದೀಪವೂ ಹೊತ್ತುತ್ತದೆ. ಆ ದೀಪ ಕಂಡ ಮೇಲೂ ಮಾರುಕಟ್ಟೆ ಮುಟ್ಟೋಣವೆಂದು ಓಡಿಸಬೇಡಿ.

ಆದರೆ ಲಕ್ಷಣ ಕಂಡೊಡನೆ ಡೀಸೆಲ್ಲನ್ನೇ ದೂರಬಾರದು. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. 'ಸುಂಯ್' ಎಂದು ಗಾಳಿ ಒಳನುಗ್ಗಿ ಆಮೇಲೆ ಇಂಜಿನ್ನು ಸರಿಯಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಅಲ್ಲದಿದ್ದರೆ ಇಂಜಿನ್ನು ನಿಲ್ಲಿಸಿ, ಫಿಲ್ಟರಿನ ತಳದ ನೀರು ಬಿಡುವ ತಿರುಪನ್ನು ಸಡಿಲಿಸಿ, ಬರುವುದನ್ನು ಒಂದು ಶುಭ್ರವಾದ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಅರ್ಧ ಗಂಟೆ ಅಲುಗಿಸದೆ ಇಡಿ. ನೀರು ಡೀಸೆಲ್ಲಿಗಿಂತ ಭಾರ. ಅದು ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಕೆಂಪು ಗಸಿ ಇದ್ದರೆ ತುಕ್ಕು, ಕಪ್ಪು ಲೋಳೆ ಇದ್ದರೆ ಜೀವಿಗಳು. ಸೀಮೆಎಣ್ಣೆಯ ಬೆರಕೆಯನ್ನು ಮಾತ್ರ ಕಣ್ಣಿನಿಂದಾಗಲೀ ಮೂಗಿನಿಂದಾಗಲೀ ಖಚಿತಪಡಿಸಲಾಗದು; ಅದಕ್ಕೆ ಪ್ರಯೋಗಾಲಯವೇ ಬೇಕು.

ನೀರು ಹೆಚ್ಚಾಗಿ ಕಂಡರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಟ್ಯಾಂಕು ಖಾಲಿ ಮಾಡಿಸಿ, ಪೈಪು ತೊಳೆಸಿ, ಫಿಲ್ಟರು ಬದಲಿಸಿ. ಹೊಸ ಫಿಲ್ಟರಿಗೆ ಕ್ಯಾನಿನ ಡೀಸೆಲ್ ತುಂಬಿ ಕೂರಿಸುವುದು ತಪ್ಪು, ಕೈಪಂಪಿನಿಂದ ಎಳೆಸಬೇಕು. ಇನ್ನೊಂದು ಮುಖ್ಯ ಎಚ್ಚರಿಕೆ: ಹಳೆಯ ಟ್ರ್ಯಾಕ್ಟರಿನಲ್ಲಿ ಗಾಳಿ ತೆಗೆಯಲು ನಾಜಲ್ ಪೈಪು ಸಡಿಲಿಸುತ್ತಿದ್ದಂತೆ ಕಾಮನ್ ರೈಲ್ ಇಂಜಿನ್ನಿನಲ್ಲಿ ಎಂದೂ ಮಾಡಕೂಡದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಮೈಯೊಳಕ್ಕೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಬಂಕಿನಲ್ಲಿ ಕೇಳುವ ಹಕ್ಕು

ತಪ್ಪು ಬಂಕಿನದೂ ಇರಬಹುದು. ಆದರೆ ಪುರಾವೆ ಇಲ್ಲದ ಜಗಳದಿಂದ ಪ್ರಯೋಜನವಿಲ್ಲ. ಪ್ರತಿ ಸಲವೂ ಬಿಲ್ಲು ಪಡೆಯಿರಿ. ಡೀಸೆಲ್ಲಿನ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದು ತೋರಿಸಿರೆಂದು ಕೇಳುವ ಹಕ್ಕು ಗ್ರಾಹಕನಿಗಿದೆ. 15 ಡಿಗ್ರಿ ಸೆಲ್ಸಿಯಸ್ಸಿಗೆ ಲೆಕ್ಕ ಹಾಕಿದಾಗ, ಟ್ಯಾಂಕರಿನ ಚಲನ್ನಿನಲ್ಲಿರುವ ಸಾಂದ್ರತೆಗೂ ಬಂಕಿನ ಡೀಸೆಲ್ಲಿಗೂ ಘನಮೀಟರಿಗೆ 3 ಕಿಲೋಗಿಂತ ಹೆಚ್ಚು ಅಂತರ ಇರಬಾರದು. ನಮ್ಮ ಹಾಲಿಗೆ ಲ್ಯಾಕ್ಟೋಮೀಟರು ಇಳಿಸುವಾಗ ನಾವು ಅವಮಾನವೆಂದು ತಿಳಿಯುವುದಿಲ್ಲ, ಬಂಕಿನವರೂ ತಿಳಿಯಬೇಕಾಗಿಲ್ಲ. ಟ್ಯಾಂಕರು ಡೀಸೆಲ್ ಇಳಿಸುತ್ತಿರುವಾಗ ತಳದ ಗಸಿ ಕದಡುವುದರಿಂದ ಆ ಹೊತ್ತಿನಲ್ಲಿ ಹಾಕಿಸಬೇಡಿ. ಸಂಶಯ ಬಂದರೆ ಶುಚಿಯಾದ ಬಾಟಲಿಯಲ್ಲಿ ಮಾದರಿ ಹಿಡಿದು, ದಿನಾಂಕ ಬರೆದು, ಬಿಲ್ಲಿನ ಜೊತೆ ಇಟ್ಟುಕೊಂಡು ಕಂಪನಿಯ ಅಧಿಕಾರಿಗೆ ದೂರು ಕೊಡಿ. ಅದೇ ದಿನ ಅಲ್ಲೇ ಹಾಕಿಸಿದ ಇತರರ ಗಾಡಿಗಳೂ ಕೆಟ್ಟಿದ್ದರೆ ಒಟ್ಟಾಗಿ ಹೋಗಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಡೀಸೆಲ್ಲಿಗೆಂದೇ ಮುಚ್ಚಳವಿರುವ ಒಂದು ಕ್ಯಾನು, ಸಣ್ಣ ಜಾಲರಿಯ ಒಂದು ಆಲಿಕೆ. ತಂದ ಡೀಸೆಲ್ಲನ್ನು ಒಂದು ದಿನ ಅಲುಗಿಸದೆ ಬಿಟ್ಟು, ತಿಳಿಯನ್ನಷ್ಟೇ ಬಗ್ಗಿಸಿ, ತಳದ ಎರಡಂಗುಲ ಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರಿನ ನೀರು ಬಿಡಿ. ತೆಗೆದ ಗಸಿಯನ್ನು ಹೊಲಕ್ಕಾಗಲೀ ಕಾಲುವೆಗಾಗಲೀ ಚೆಲ್ಲಬೇಡಿ.

ಕೃಷಿ ಯಂತ್ರಗಳ ತರಬೇತಿಗಳಲ್ಲಿ ಡೀಸೆಲ್ಲಿನ ಶುಚಿತ್ವಕ್ಕೂ ಅರ್ಧ ದಿನ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಸಹಕಾರ ಸಂಘಗಳು ಒಂದು ಹೈಡ್ರೋಮೀಟರು, ಒಂದು ಥರ್ಮಾಮೀಟರು ಕೊಂಡಿಟ್ಟರೆ ಊರಿನ ಗಾಡಿಗಳಿಗೆಲ್ಲ ಉಪಯೋಗ. ಅಲ್ಲಿಯತನಕ ಒಂದು ಗಾಜಿನ ಬಾಟಲಿ ಸಾಕು. ಈ ವಾರವೇ ನಿಮ್ಮ ಗಾಡಿಯ ಫಿಲ್ಟರಿನ ತಿರುಪು ಬಿಚ್ಚಿ ನೋಡಿ.