ಹೇಳದೆ ಕೇಳದೆ ಮನೆ ಹೊಗುವ ಜಾಹೀರಾತು

ಅನ್ಯರ ಮನೆಯನ್ನು ಅನುಮತಿ ಪಡೆದು, ಸಲಾಮ್ ಹೇಳಿಯೇ ಪ್ರವೇಶಿಸಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಕಲಿಸುವ ಶಿಷ್ಟಾಚಾರ. ಆದರೆ ಪರೀಕ್ಷಾ ಫಲಿತಾಂಶಕ್ಕಾಗಿಯೋ ನಮಾಝ್ ವೇಳಾಪಟ್ಟಿಗಾಗಿಯೋ ವೆಬ್‌ಸೈಟ್ ತೆರೆದವರ ಮುಂದೆ ಜೂಜಿನ, ಅಶ್ಲೀಲ ಜಾಹೀರಾತುಗಳು ಹೇಳದೆ ಕೇಳದೆ ನುಗ್ಗುತ್ತವೆ. ಇದರ ಶಿಕ್ಷೆ ಮಾತ್ರ ಅನೇಕ ಮನೆಗಳಲ್ಲಿ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ! ಮೊಬೈಲ್ ಕಿತ್ತುಕೊಂಡರೆ ಮುಚ್ಚುವುದು ಅವರ ಕಲಿಕೆಯ ಬಾಗಿಲು. ನುಗ್ಗಿದವನಿಗೆ ಯಾವ ನಷ್ಟವೂ ಇಲ್ಲ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಮಕ್ಕಳನ್ನು ಹಿಂಬಾಲಿಸಿ ಅವರನ್ನೇ ಗುರಿಯಾಗಿಸುವ ಜಾಹೀರಾತನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಿಷೇಧಿಸಲಾಗಿದೆ. 18 ತುಂಬದವರೆಲ್ಲರೂ ಅದರ ಪ್ರಕಾರ ಮಕ್ಕಳೇ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ 2025ರ ಕಾಯ್ದೆಯು 2 ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಪಡಿಸಿದೆ. ಇವು ಕಾಗದದಲ್ಲಷ್ಟೇ ಉಳಿಯದಂತೆ ಒತ್ತಾಯಿಸುವುದು ನಾಗರಿಕರಾದ ನಮ್ಮ ಹೊಣೆ.

ಜೊತೆಗೆ, ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಪಾಪ್-ಅಪ್ ತಡೆಯುವುದು, ಅಪರಿಚಿತ ಸೈಟ್‌ಗಳಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿಯನ್ನು ಹಿಂಪಡೆಯುವುದು, ಜಾಹೀರಾತು ತಡೆಯುವ ತಂತ್ರಾಂಶ ಅಳವಡಿಸುವುದು ಕೆಲವೇ ನಿಮಿಷಗಳ ಕೆಲಸ. ಹೆತ್ತವರು ಮಕ್ಕಳ ಜೊತೆ ಕುಳಿತು ಇದನ್ನು ಕಲಿಯಲಿ. ದೃಷ್ಟಿ ತಗ್ಗಿಸಬೇಕೆಂಬ ಆದೇಶವೂ ಅದೇ ಅನ್ನೂರ್ ಅಧ್ಯಾಯದಲ್ಲಿದೆ. ಅಲ್ಲಿ ಮೊದಲು ಸಂಬೋಧಿಸಲಾಗಿರುವುದು ಪುರುಷರನ್ನು. ಆದ್ದರಿಂದ ಈ ಶಿಸ್ತು ತಂದೆಯ ಮೊಬೈಲಿನಿಂದಲೇ ಆರಂಭವಾಗಲಿ.