ಗರಿ ಅಂಟಿಸ್ಬೋದು, ಬಿರುಕು ಅಂಟಿಸ್ಬಾರ್ದು

ನಮ್ಮನೇಲಿ ಮುರಿದಿದ್ದನ್ನ ಬಿಸಾಡೋ ಅಭ್ಯಾಸ ಮೊದ್ಲಿಂದ್ಲೂ ಇಲ್ಲ. ಬಕೆಟ್ಟಿನ ಹಿಡಿ ಹೋದ್ರೆ ತಂತಿ ಕಟ್ತೀವಿ, ಹರಿದ ಸೀರೆ ಕೌದಿ ಆಗ್ತದೆ. ಮಧುಗಿರಿ, ಪಾವಗಡದ ಕಡೆ ಮಳೆ ಕಮ್ಮಿ, ಹಂಗಾಗಿ ನಮ್ ಕೈಯೂ ಒಸಿ ಬಿಗಿ. ಅದ್ರಲ್ಲಿ ನಾಚ್ಕೆ ಏನೂ ಇಲ್ಲ ಕಣ್ರೀ. ಆದ್ರೆ ಒಂದು ಸಾಮಾನಿನ ವಿಷಯದಲ್ಲಿ ಈ ಬುದ್ಧಿಗೆ ಕಡಿವಾಣ ಬೇಕು ಅಂತ ನನ್ನ ಅಭಿಪ್ರಾಯ. ಅದೇ ಕಾರ್ಬನ್ ಬಾಣ.

ನಮ್ ಚಿಕ್ಕಮಗಳು ಬೆಂಗ್ಳೂರಲ್ಲಿ ಓದ್ತಾ ಬಿಲ್ಲುಗಾರಿಕೆ ಕಲೀತವ್ಳೆ. ರಜಕ್ಕೆ ಬಂದಾಗ ಒಗೆಯೋ ಬಟ್ಟೆ ಜತೆಗೆ ಗರಿ ಕಿತ್ತೋದ ಬಾಣಗಳೂ ಬರ್ತವೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದಿಂದ ಹೊಡೀತಾರೆ. ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್, ಒಂದು ಪೂರಿ ಅಗಲ ಅಷ್ಟೇ. ಬಾಣ ಅಲ್ಲಿಗೆ ನೆಟ್ಟಗೆ ಹೋಗ್ಬೇಕಂದ್ರೆ ಹಿಂದಿನ ಮೂರು ಗರಿ ಸರಿಯಾಗಿರ್ಬೇಕು. ಹಿಂದೆ ಹಕ್ಕಿ ಗರಿ ಕಟ್ತಿದ್ರು, ಇವಳದ್ದು ಪ್ಲಾಸ್ಟಿಕ್ಕಿಂದು.

ಅಂಟಿಸೋ ಕೆಲ್ಸ ನಾನೂ ಕಲ್ತೆ. ಮೊಂಡು ಚಾಕು ಮಲಗಿಸಿ ಹಳೇ ಗರಿ ಎಬ್ಬಿಸ್ಬೇಕು. ಜೋರಾಗಿ ಕೆರೆದ್ರೆ ಕಾರ್ಬನ್ ಎಳೆನೇ ಕಿತ್ಕೊಂಡು ಬರ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಆ ಜಾಗ ಮುಟ್ಬಾರ್ದು. ಒಗ್ಗರಣೆ ಹಾಕಿದ ಕೈ ತಗುಲಿದ್ರೆ ಅಂಟು ಹಿಡಿಯಲ್ಲ. ಜಿಗ್ ಅನ್ನೋ ಸಾಧನದಲ್ಲಿ ಬಾಣ ಕೂರಿಸಿದ್ರೆ ಮೂರೂ ಗರಿ 120 ಡಿಗ್ರಿ ಅಂತರದಲ್ಲಿ ಕೂರ್ತವೆ. ಅಂಟು ಸಣ್ಣ ಗೆರೆಯಷ್ಟು ಸಾಕು. ಮುಂದಿನ ಮೊನೆ ಬಿಚ್ಚೋಕೆ ಅಂತ ಗ್ಯಾಸಿನ ಉರಿಗೆ ಮಾತ್ರ ಹಿಡೀಬ್ಯಾಡಿ, ಕಾವಿಗೆ ಕಾರ್ಬನ್ ಕೆಡ್ತದೆ.

ಇಷ್ಟೆಲ್ಲ ಕಲ್ತೆ ಅನ್ನೋ ಜಂಬದಲ್ಲಿ ಹೋದ ಬೇಸ್ಗೇಲಿ ಒಂದು ತಪ್ಪು ಮಾಡ್ದೆ. ಒಂದು ಬಾಣದ ಹಿಂದುಗಡೆ ಕೂದಲೆಳೆಯಷ್ಟು ಬಿರುಕಿತ್ತು. ಪ್ಲಾಸ್ಟಿಕ್ ಬಿಂದಿಗೆಗೆ ಹಾಕ್ದಂಗೆ ಅಂಟು ಹಾಕಿ, ಒರೆಸಿ, ಬಾಕಿ ಬಾಣದ ಜತೆ ಇಟ್ಟೆ. ಅವಳು ಎರಡೂ ತುದಿ ಹಿಡ್ದು, ಮುಖದಿಂದ ದೂರ ಇಟ್ಕೊಂಡು, ತಿರುಗಿಸ್ತಾ ಮೆಲ್ಲಗೆ ಬಗ್ಗಿಸಿ ನೋಡಿದ್ಲು. ಚಟ್ ಅಂತು.

"ಅಮ್ಮ, ಇದು ಬಿಲ್ಲಲ್ಲಿ ಮುರಿದಿದ್ರೆ ಚೂರು ನನ್ ಕೈಯೊಳಗೆ ಹೋಗ್ತಿತ್ತು" ಅಂದ್ಲು.

ನಂಗೆ ಮಾತೇ ಹೊರಡ್ಲಿಲ್ಲ. ಬಿಂದಿಗೆ ಸೋರಿದ್ರೆ ನೆಲ ಒದ್ದೆ ಆಗ್ತದೆ, ಒರೆಸ್ಕೋಬೋದು. ಬಾಣ ಹಂಗಲ್ಲ. ದಾರ ಬಿಟ್ಟ ಕ್ಷಣ ಪೂರ್ತಿ ಬಲ ಅದ್ರ ಮೇಲೆ ಬೀಳ್ತದೆ, ಮುಂದೆ ಬಿಲ್ಲು ಹಿಡಿದಿರೋದು ಮಗೀನ ಕೈ.

ಒಂದು ಬಾಣದ ದುಡ್ಡಲ್ಲಿ ವಾರದ ತರಕಾರಿ ಬರ್ತದೆ, ನಂಗೂ ಗೊತ್ತು. ಅದಕ್ಕೇ ಗರಿ ಹೋದ್ರೆ ಹತ್ತು ಸಲ ಅಂಟಿಸಿ, ಅದು ಉಳಿತಾಯ. ಬಿರುಕನ್ನ ಅಂಟಿಸೋದು ಉಳಿತಾಯ ಅಲ್ಲ, ಅಪಾಯ ಮುಚ್ಚಿಡೋದು. ಅನುಮಾನ ಬಂದ್ರೂ ಸಾಕು, ಆ ಬಾಣ ಬಿಡಿ. ಪ್ರತಿ ಸಲ ಹೊಡೆಯೋಕ್ ಮುಂಚೆ ಬಗ್ಗಿಸಿ ನೋಡೋದನ್ನೂ ಮಕ್ಕಳಿಗೆ ರೂಢಿ ಮಾಡ್ಸಿ. ಮನೆ ನಡೆಸೋಳಿಗೆ ರಿಪೇರಿ ಗೊತ್ತಿದ್ರೆ ಸಾಲ್ದು, ಎಲ್ಲಿಗೆ ನಿಲ್ಲಿಸ್ಬೇಕು ಅಂತಾನೂ ಗೊತ್ತಿರ್ಬೇಕು.

ಬಿಸಾಡುವಾಗ ಮುರಿದ ಜಾಗಕ್ಕೆ ನಾಕು ಸುತ್ತು ಟೇಪು ಸುತ್ತಿ. ನಮ್ ಮಗಳ ಕೈ ಉಳಿಸೋಕೆ ಹೋಗಿ ಕಸ ಒಯ್ಯೋರ ಕೈಗೆ ಚುಚ್ಚಬಾರ್ದು.