ಅಂಗಳದ ಮಳೆನೀರಿಗೆ ಅಂಗಳದಲ್ಲೇ ಜಾಗವಿರಲಿ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ನಾಲಾಗಳ ಹೂಳೆತ್ತುವ ಮಾತು ಆರಂಭವಾಗುತ್ತದೆ. ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರು ನಿಂತರೆ ಪಾಲಿಕೆಗೆ ಶಾಪ ಹಾಕಿ ಎಲ್ಲರೂ ಸುಮ್ಮನಾಗುತ್ತಾರೆ. ಪಾಲಿಕೆಯ ಹೊಣೆ ದೊಡ್ಡದು, ನಿಜ. ಆದರೆ ಆ ನೀರು ಯಾರ ಅಂಗಳದಿಂದ ಹರಿದು ಬಂತು ಎಂದು ಕೇಳುವವರು ಕಡಿಮೆ.

2005ರ ಜುಲೈ 26ರ ಮಳೆಯನ್ನು ಮುಂಬಯಿ ಕನ್ನಡಿಗರು ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮೀಠಿ ನದಿ ಉಕ್ಕಿತು, ಸಮುದ್ರದ ಉಬ್ಬರ ನೀರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಗರದ ಹಳೆಯ ಚರಂಡಿಗಳು ಗಂಟೆಗೆ ಕೇವಲ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂದು 1993ರ ‘ಬ್ರಿಮ್‌ಸ್ಟೋವಾಡ್’ ವರದಿಯೇ ಹೇಳಿತ್ತು. ಪ್ರಳಯದ ಬಳಿಕ ಹಾಜಿ ಅಲಿ, ಇರ್ಲಾ ಮುಂತಾದೆಡೆ ಪಂಪಿಂಗ್ ಸ್ಟೇಷನ್‌ಗಳು ಬಂದವು. ಆದರೂ 2025ರ ಮೇ 26ರ ಮಳೆಗೆ ವರ್ಲಿಯ ಹೊಸ ಭೂಗತ ಮೆಟ್ರೋ ನಿಲ್ದಾಣಕ್ಕೇ ನೀರು ನುಗ್ಗಿತು.

ಪಂಪು ಬೇಕು, ಆದರೆ ಪಂಪೊಂದೇ ಸಾಲದು. ಸಾವಿರ ಚದರ ಮೀಟರಿನ ಛಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 50 ಸಾವಿರ ಲೀಟರ್ ನೀರಾಗುತ್ತದೆ. ಅಂಗಳದಲ್ಲಿ ಮಣ್ಣಿದ್ದರೆ ಸ್ವಲ್ಪವಾದರೂ ಇಂಗೀತು. ಕಾರು ನಿಲ್ಲಿಸಲೆಂದು ಗೋಡೆಯಿಂದ ಗೋಡೆಗೆ ಸಿಮೆಂಟು ಹಾಸಿದರೆ ಅಷ್ಟೂ ನೀರು ಒಮ್ಮೆಗೇ ರಸ್ತೆಗಿಳಿದು ತಗ್ಗಿನ ಚಾಳಿನವರ ಮನೆಗೆ ನುಗ್ಗುತ್ತದೆ.

1,000 ಚದರ ಮೀಟರಿಗಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು 2002ರಲ್ಲೇ ಕಡ್ಡಾಯವಾಯಿತು. ಆದರೆ ಹೂಳು ತುಂಬಿದ ಇಂಗುಗುಂಡಿ ಕಾಗದದ ಮೇಲಿನ ಗುಂಡಿಗೆ ಸಮ. ನೆಲದಡಿ ಬಂಡೆಯಿರುವಲ್ಲಿ, ಸಮುದ್ರ ತೀರಾ ಹತ್ತಿರವಿರುವಲ್ಲಿ ನೀರು ಸುಲಭವಾಗಿ ಇಂಗದು. ಅಲ್ಲಿ ಟ್ಯಾಂಕಿಯಲ್ಲಿ ಹಿಡಿದಿಟ್ಟು, ಗಿಡಗಳಿಗೆ, ಶೌಚಾಲಯಕ್ಕೆ ಬಳಸಬಹುದು. ಹೆಚ್ಚಿನದನ್ನು ಮಳೆ ತಗ್ಗಿದ ಮೇಲೆ ನಿಧಾನವಾಗಿ ಹೊರಬಿಡಬಹುದು.

ಈಗ ಹಳೆಯ ಸೊಸೈಟಿಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಸಜ್ಜಾಗುತ್ತಿವೆ. ಅವುಗಳ ಕಮಿಟಿಗಳಲ್ಲಿ ತುಳು-ಕನ್ನಡಿಗರೂ ಇದ್ದಾರೆ. ಊರಿನಲ್ಲಿ ಮದಕ, ಕೆರೆ, ಗದ್ದೆಯ ಬದುವಿನಲ್ಲಿ ಮಳೆಯನ್ನು ತಡೆದು ನಿಲ್ಲಿಸಿದ ಹಿರಿಯರ ಮಕ್ಕಳು ಇವರು. ಬಿಲ್ಡರ್‌ನ ಕರಾರಿಗೆ ಸಹಿ ಹಾಕುವ ಮುನ್ನ ಎಷ್ಟು ಚದರಡಿ ಹೆಚ್ಚು ಸಿಗುತ್ತದೆ ಎಂದು ಕೇಳುವುದು ಸಹಜ. ಜೊತೆಗೆ ಎಷ್ಟು ಅಂಗಳ ಮಣ್ಣಾಗಿ ಉಳಿಯುತ್ತದೆ, ಟ್ಯಾಂಕಿ ಎಷ್ಟು ದೊಡ್ಡದು, ಅದನ್ನು ಪ್ರತಿವರ್ಷ ಶುಚಿಗೊಳಿಸುವವರು ಯಾರು ಎಂಬುದನ್ನೂ ಕೇಳಲಿ. ಹನಿಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಆ ಹನಿಯನ್ನು ಅಂಗಳದಲ್ಲೇ ತಡೆದರೆ ರಸ್ತೆ ಹಳ್ಳವಾಗುವುದು ಅಷ್ಟಾದರೂ ತಪ್ಪೀತು.